ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಗೇರ್ ಬಾಕ್ಸ್ ಅತಿಯಾಗಿ ಬಿಸಿಯಾಗದಂತೆ ವಹಿಸಬೇಕಾದ ಮುನ್ನೆಚ್ಚರಿಕೆಗಳು

ಪೀಠಿಕೆ

ಕಲಬುರಗಿ ಜಿಲ್ಲೆಯಲ್ಲಿ ಟ್ರ್ಯಾಕ್ಟರ್ ಉಳುಮೆಗೆ ಮಾತ್ರ ಸೀಮಿತವಾಗಿಲ್ಲ. ತೊಗರಿಯನ್ನು ಮಾರುಕಟ್ಟೆಗೆ, ಅಫಜಲಪುರ ಮತ್ತು ಆಳಂದ ಭಾಗದ ಕಬ್ಬನ್ನು ಕಾರ್ಖಾನೆಗೆ, ಶಹಾಬಾದಿನ ಫರ್ಸಿ ಕಲ್ಲನ್ನು ಕಟ್ಟಡಗಳಿಗೆ, ಕಮಲಾಪುರದ ಕೆಂಪು ಬಾಳೆಯನ್ನು ಪೇಟೆಗೆ ಸಾಗಿಸಲು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರ್‌ಗಳು ಬಳಕೆಯಲ್ಲಿವೆ. ಬೇಸಿಗೆಯಲ್ಲಿ ಜಿಲ್ಲೆಯ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಇಂತಹ ಬಿಸಿಲಿನಲ್ಲಿ ಭಾರವಾದ ಟ್ರೇಲರ್ ಎಳೆಯುವಾಗ ಗೇರ್ ಬಾಕ್ಸಿನ ಎಣ್ಣೆಯು ಕೆಟ್ಟು, ಸಾವಿರಾರು ರೂಪಾಯಿಗಳ ದುರಸ್ತಿ ವೆಚ್ಚ ತಗಲುವುದಲ್ಲದೆ, ಬ್ರೇಕ್ ಶಕ್ತಿ ಕುಂದಿ ಪ್ರಾಣಾಪಾಯವೂ ಸಂಭವಿಸಬಹುದು.

ಬಿಸಿಯಾಗಲು ಕಾರಣಗಳು

ಬಹುತೇಕ ಟ್ರ್ಯಾಕ್ಟರ್‌ಗಳಲ್ಲಿ ಗೇರ್ ಬಾಕ್ಸ್, ಡಿಫರೆನ್ಷಿಯಲ್ ಮತ್ತು ಹೈಡ್ರಾಲಿಕ್ ಲಿಫ್ಟಿಗೆ ಒಂದೇ ಎಣ್ಣೆ ಬಳಕೆಯಾಗುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಬ್ರೇಕುಗಳುಳ್ಳ ಮಾದರಿಗಳಲ್ಲಿ ಬ್ರೇಕಿನ ಶಾಖವೂ ಅದೇ ಎಣ್ಣೆಯನ್ನು ಸೇರುತ್ತದೆ. ಈ ಶಾಖವು ಬಹುಪಾಲು ಎರಕದ ಕಬ್ಬಿಣದ ಹೊರಕವಚದ ಮೂಲಕವೇ ಗಾಳಿಗೆ ಹೋಗಬೇಕಾಗುತ್ತದೆ. ಕವಚದ ಮೇಲೆ ಕಪ್ಪು ಮಣ್ಣು, ಧೂಳು ಮತ್ತು ಎಣ್ಣೆಯ ಜಿಡ್ಡು ದಪ್ಪನಾಗಿ ಅಂಟಿಕೊಂಡಿದ್ದಲ್ಲಿ ಶಾಖವು ಒಳಗೇ ಉಳಿಯುತ್ತದೆ.

ಅತಿಭಾರ, ಅರ್ಧ ಕ್ಲಚ್ ಒತ್ತಿ ಚಾಲನೆ ಮಾಡುವುದು, ಇಳಿಜಾರಿನಲ್ಲಿ ನಿರಂತರವಾಗಿ ಬ್ರೇಕ್ ಬಳಸುವುದು, ಟ್ರೇಲರ್ ಚಕ್ರಗಳಲ್ಲಿ ಗಾಳಿ ಕಡಿಮೆ ಇರುವುದು ಇತರೆ ಮುಖ್ಯ ಕಾರಣಗಳಾಗಿವೆ. ಎಣ್ಣೆಯ ಉಷ್ಣಾಂಶವು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಂತೆ ಅದು ಹಾಳಾಗುವ ವೇಗವು ಸುಮಾರು ಇಮ್ಮಡಿಯಾಗುತ್ತದೆ.

ಹೊರಡುವ ಮುನ್ನ

1. ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಅಳತೆ ಕಡ್ಡಿಯಿಂದ ಎಣ್ಣೆಯ ಮಟ್ಟ ನೋಡತಕ್ಕದ್ದು. ಎಣ್ಣೆ ಕಡಿಮೆಯಿದ್ದರೆ ಗೇರುಗಳು ಸವೆಯುತ್ತವೆ. ಹೆಚ್ಚಾಗಿದ್ದರೆ ಎಣ್ಣೆ ಕಡೆದಂತಾಗಿ ನೊರೆ ಬಂದು ಮತ್ತಷ್ಟು ಬಿಸಿಯಾಗುತ್ತದೆ.
2. ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಎಣ್ಣೆಯನ್ನೇ ಬಳಸತಕ್ಕದ್ದು. ಬೇರೆ ಬೇರೆ ದರ್ಜೆಯ ಎಣ್ಣೆಗಳನ್ನು ಬೆರೆಸಬಾರದು.
3. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೂ, ಕಪ್ಪಾಗಿ ಸುಟ್ಟ ವಾಸನೆ ಬಂದರೆ ಶಾಖದಿಂದ ಕೆಟ್ಟಿದೆ ಎಂದೂ ತಿಳಿಯುವುದು. ಎರಡೂ ಸಂದರ್ಭಗಳಲ್ಲಿ ಎಣ್ಣೆ ಬದಲಿಸುವುದು ಅವಶ್ಯಕ.
4. ಕವಚದ ಮೇಲಿನ ಮಣ್ಣನ್ನು ಕೆರೆದು, ಗಾಳಿ ಹೊರಹೋಗುವ ಬ್ರೀದರ್ ರಂಧ್ರವನ್ನು ಸ್ವಚ್ಛಗೊಳಿಸುವುದು. ಬ್ರೀದರ್ ಮುಚ್ಚಿದ್ದಲ್ಲಿ ಒಳಗಿನ ಒತ್ತಡ ಹೆಚ್ಚಿ ಸೀಲ್‌ಗಳ ಮೂಲಕ ಎಣ್ಣೆ ಸೋರುತ್ತದೆ. ಆಯಿಲ್ ಕೂಲರ್ ಇರುವ ಮಾದರಿಗಳಲ್ಲಿ ಅದರ ಜಾಲರಿಯಲ್ಲಿ ಸಿಕ್ಕ ಹೊಟ್ಟು, ರವದಿಗಳನ್ನು ತೆಗೆಯುವುದು.
5. ಕ್ಲಚ್ ಪೆಡಲಿನ ಸಡಿಲು ಅಂತರ, ಟ್ರೇಲರಿನ ಟೈರ್ ಗಾಳಿ ಮತ್ತು ಬ್ರೇಕ್ ಅಂಟಿಕೊಂಡಿದೆಯೇ ಎಂಬುದನ್ನು ಪರೀಕ್ಷಿಸುವುದು.

ಚಾಲನೆಯ ವೇಳೆಯಲ್ಲಿ

ಏರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬರುವುದು ಒಳ್ಳೆಯದು. ಮೇಲಿನ ಗೇರಿನಲ್ಲಿ ಎಂಜಿನ್ ಮುಕ್ಕರಿಯುವವರೆಗೆ ಕಾದು, ಅರ್ಧ ಏರಿನಲ್ಲಿ ಗೇರ್ ಬದಲಿಸಲು ಹೋದರೆ ಟ್ರೇಲರ್ ಹಿಂದಕ್ಕೆ ಜಗ್ಗುತ್ತದೆ. ಆಗ ಚಾಲಕನು ಕ್ಲಚ್ಚಿನ ಮೇಲೆಯೇ ವಾಹನವನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ. ಕ್ಲಚ್ ಪ್ಲೇಟು ಸುಡುವುದು ಹೆಚ್ಚಾಗಿ ಇಂತಹ ಸಂದರ್ಭಗಳಲ್ಲಿಯೇ. ಗೇರ್ ಬದಲಿಸಿದ ನಂತರ ಕಾಲನ್ನು ಪೆಡಲಿನಿಂದ ಸಂಪೂರ್ಣವಾಗಿ ತೆಗೆಯತಕ್ಕದ್ದು.

ಕಮಲಾಪುರ ಭಾಗದ ಗುಡ್ಡ ಪ್ರದೇಶದ ರಸ್ತೆಗಳಲ್ಲಿ ಇಳಿಯುವಾಗ ಡೀಸೆಲ್ ಉಳಿಸುವ ಉದ್ದೇಶದಿಂದ ನ್ಯೂಟ್ರಲ್ ಮಾಡುವುದು ಅತ್ಯಂತ ಅಪಾಯಕಾರಿ. ಆಗ ಎಂಜಿನ್ನಿನ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಟ್ರೇಲರಿಗೆ ಪ್ರತ್ಯೇಕ ಬ್ರೇಕ್ ಇಲ್ಲದಿದ್ದರೆ ಅದು ಟ್ರ್ಯಾಕ್ಟರನ್ನು ಹಿಂದಿನಿಂದ ನೂಕಿ ಮಗುಚಿಸಬಹುದು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಇಳಿಯುವುದು ಹಾಗೂ ಎರಡೂ ಬ್ರೇಕ್ ಪೆಡಲುಗಳನ್ನು ಕೊಂಡಿಯಿಂದ ಜೋಡಿಸಿರುವುದು ಕಡ್ಡಾಯವೆಂದು ಭಾವಿಸತಕ್ಕದ್ದು.

ಬಿಸಿಯಾದಾಗ ಮಾಡಬೇಕಾದುದು

ಸುಟ್ಟ ವಾಸನೆ, ಗೇರ್ ಬೀಳಲು ಬಿಗಿಯಾಗುವುದು, ಲಿಫ್ಟ್ ನಿಧಾನವಾಗುವುದು ಅಥವಾ ಗೇರ್ ಬಾಕ್ಸಿನಿಂದ ಹೊಸ ಶಬ್ದ ಕೇಳಿಬರುವುದು ಎಚ್ಚರಿಕೆಯ ಲಕ್ಷಣಗಳು. ಕೂಡಲೇ ರಸ್ತೆ ಬಿಟ್ಟು ನೆರಳಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ತಾನಾಗಿ ತಣಿಯಲು ಬಿಡಬೇಕು. ಕವಚವನ್ನು ಕೈಯಿಂದ ಮುಟ್ಟಬಾರದು. ಕಾದ ಕವಚದ ಮೇಲೆ ತಣ್ಣೀರು ಸುರಿದರೆ ಎರಕದ ಕಬ್ಬಿಣ ಬಿರುಕು ಬಿಡುವ ಸಂಭವವಿದೆ. ತಣಿದ ನಂತರ ಎಣ್ಣೆಯ ಮಟ್ಟ ನೋಡಿ, ಸೋರಿಕೆಯಿದ್ದಲ್ಲಿ ಮೆಕ್ಯಾನಿಕ್ ಪರೀಕ್ಷಿಸುವವರೆಗೆ ಭಾರ ಎಳೆಯಬಾರದು.

ಭಾರದ ಮಿತಿ

ನೋಂದಣಿ ಪತ್ರದಲ್ಲಿ ನಮೂದಿಸಿದ ತೂಕಕ್ಕಿಂತ ಹೆಚ್ಚು ಹೇರುವುದನ್ನು ಮೋಟಾರು ವಾಹನಗಳ ಕಾಯ್ದೆ 1988ರ ಕಲಂ 113 ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಕಲಂ 194ರಲ್ಲಿ ಇದಕ್ಕೆ ರೂ. 20,000 ಮತ್ತು ಪ್ರತಿ ಹೆಚ್ಚುವರಿ ಟನ್ನಿಗೆ ರೂ. 2,000 ದಂಡ ನಿಗದಿಯಾಗಿದೆ. ಎರಡು ಸಲ ಸಾಗಿಸಬೇಕಾದ ಕಬ್ಬನ್ನು ಒಂದೇ ಸಲ ಹೇರುವುದರಿಂದ ಉಳಿಯುವ ಡೀಸೆಲ್ಲಿಗಿಂತ ಹಂಗಾಮಿನ ನಡುವೆ ಟ್ರ್ಯಾಕ್ಟರ್ ಕೆಟ್ಟು ನಿಂತಾಗ ಆಗುವ ನಷ್ಟ ಬಹುಪಾಲು ದೊಡ್ಡದು. ಟ್ರೇಲರಿನಲ್ಲಿ ಕೂಲಿ ಕಾರ್ಮಿಕರನ್ನು ಯಾವ ಕಾರಣಕ್ಕೂ ಸಾಗಿಸಬಾರದು.

ಸಾಧ್ಯವಿದ್ದಷ್ಟು ಮಟ್ಟಿಗೆ ಬೇಸಿಗೆಯಲ್ಲಿ ಮುಂಜಾನೆ ಸಾಗಣೆ ಮಾಡುವುದು ಸೂಕ್ತ. ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.