ವ್ಯವಸಾಯದ ಕೂಲಿಯನ್ನು ಹೊತ್ತಿಗೆ ಸಲ್ಲಿಸಬೇಕಾದ ವಿಚಾರ

(ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರಿಂದ)

ಉತ್ತಮವಾದ ಬೀಜ, ಹದವರಿತ ಉಳುಮೆ, ಗೊಬ್ಬರ, ನೀರು ಇವುಗಳ ವಿಷಯವಾಗಿ ಈ ಪತ್ರಿಕೆಯಲ್ಲಿ ಆಗಿಂದಾಗ್ಗೆ ಲೇಖನಗಳು ಪ್ರಕಟವಾಗುತ್ತಲಿವೆ. ಬೆಳೆಗೆ ಇವುಗಳಷ್ಟೇ ಆವಶ್ಯಕವಾದುದು ಇನ್ನೊಂದುಂಟು. ಅದು ಹೊತ್ತಿಗೆ ಸರಿಯಾಗಿ ಒದಗುವ ಆಳು. ಆಳು ಹೊತ್ತಿಗೆ ಒದಗಬೇಕಾದರೆ ಕೂಲಿಯೂ ಹೊತ್ತಿಗೆ ಸಲ್ಲಬೇಕು. ಮಾಡಿಸಿಕೊಂಡ ಕೆಲಸಕ್ಕೆ ಕೂಲಿಯನ್ನು ಕೊಡುವುದೇ ಇಲ್ಲವೆನ್ನುವ ಜಮೀನುದಾರರು ವಿರಳ. ಆದರೆ "ಕೊಡೋಣ, ದುಡ್ಡು ಎಲ್ಲಿಗೆ ಹೋಗುತ್ತದೆ" ಎಂದು ವಾರಗಳನ್ನೂ ತಿಂಗಳುಗಳನ್ನೂ ತಳ್ಳುವವರು ಬಹು ಮಂದಿ. ಹೀಗೆ ತಡಮಾಡುವುದು ಬಡವನಿಗೆ ಅನ್ಯಾಯವೂ, ಬೇಸಾಯಕ್ಕೆ ನಷ್ಟವೂ, ಈಗಿನ ಕಾನೂನಿಗೆ ವಿರುದ್ಧವೂ ಆಗಿರುತ್ತದೆಂಬುದನ್ನು ಮುಂದೆ ವಿವರಿಸಲಾಗಿದೆ.

ನನ್ನ ಅನುಭವಕ್ಕೆ ಬಂದ ಒಂದು ಸಂಗತಿಯನ್ನು ಮೊದಲು ಹೇಳುವೆನು. ಕೆಲವು ವರ್ಷಗಳ ಹಿಂದೆ ನಾಲೆಯ ಬಯಲಿನ ಒಂದು ಗ್ರಾಮದಲ್ಲಿ ಅನುಕೂಲಸ್ಥರಾದ ಜಮೀನುದಾರರೊಬ್ಬರು ತಮ್ಮ ಬತ್ತದ ಪೈರಿಗೆ ಏನೋ ರೋಗ ತಗುಲಿರಬಹುದೆಂದು ನನ್ನನ್ನು ಕರೆಯಿಸಿದರು. ಹೋಗಿ ನೋಡಲು ರೋಗದ ಗುರುತು ಯಾವುದೂ ಕಾಣಲಿಲ್ಲ. ಪೈರು ಮಾತ್ರ ತೆಂಡೆಯೊಡೆಯದೆ ತೆಳುವಾಗಿ ನಿಂತಿತ್ತು. ವಿಚಾರಿಸಲಾಗಿ, ಇಪ್ಪತ್ತೈದು ದಿನದ ಸಸಿಯನ್ನು ನಾಟಿಮಾಡಬೇಕಾಗಿದ್ದವರು ನಲವತ್ತನೆಯ ದಿನದಲ್ಲಿ ಮಾಡಿದ್ದರೆಂದೂ, ನಾಟಿಯ ಹೆಣ್ಣಾಳುಗಳು ಅಷ್ಟು ದಿನವೂ ಇವರ ಗದ್ದೆಗೆ ಬಾರದೆ ಪಕ್ಕದ ಗ್ರಾಮಕ್ಕೆ ಹೋಗುತ್ತಿದ್ದರೆಂದೂ ತಿಳಿಯಿತು. ಆ ಹೆಂಗಸರಲ್ಲಿ ಹಿರಿಯಳೊಬ್ಬಳನ್ನು ಕೇಳಿದೆನು. "ಹಿಂದಿನ ಬೆಳೆಯ ಕಳೆ ಕಿತ್ತ ಆರು ದಿನದ ದುಡ್ಡು ಇನ್ನೂ ಬರಲಿಲ್ಲ, ಸ್ವಾಮಿ. ಕೇಳಿ ಕೇಳಿ ನಮಗೇ ನಾಚಿಕೆಯಾಯಿತು" ಎಂದಳು. ಪೈರಿನ ರೋಗವು ಗದ್ದೆಯಲ್ಲಿರಲಿಲ್ಲ, ಲೆಕ್ಕದ ಪುಸ್ತಕದಲ್ಲಿತ್ತು. ಆರು ದಿನದ ಕೂಲಿಯನ್ನು ಉಳಿಸಿಕೊಂಡುದರ ಫಲವಾಗಿ ಆ ವರ್ಷ ಕಳೆದುಕೊಂಡ ಬತ್ತದ ಬೆಲೆಯು ಆ ಕೂಲಿಯ ಎಷ್ಟೋ ಪಾಲಾಯಿತು.

ತಡವಾಗಲು ಕಾರಣಗಳು.— ಬೆಳೆ ಮಾರಿದ ಹಣ ಕೈಗೆ ಬಂದ ಮೇಲೆ ಕೊಡುವೆವೆಂಬುದು ಮುಖ್ಯವಾದ ಕಾರಣ. ಕಬ್ಬಿನ ಪ್ರಾಂತದಲ್ಲಿ ಇದು ಹೆಚ್ಚು. ಕಾರ್ಖಾನೆಯಿಂದ ಹಣ ಬರುವುದು ತಡವಾದರೆ ಬೆಳೆಗಾರರಿಗಾಗುವ ಸಂಕಟವನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿಲ್ಲ. ಆ ಸಂಕಟವನ್ನು ಅರಿತೇ ೧೯೬೬ರ ಕಬ್ಬು ನಿಯಂತ್ರಣ ಆಜ್ಞೆಯು, ಕಬ್ಬು ಒಪ್ಪಿಸಿದ ೧೪ ದಿನಗಳೊಳಗಾಗಿ ಹಣ ಸಲ್ಲಬೇಕೆಂದೂ, ತಡವಾದರೆ ವರ್ಷಕ್ಕೆ ನೂರಕ್ಕೆ ೧೫ರಂತೆ ಬಡ್ಡಿ ಸೇರಬೇಕೆಂದೂ ಕಟ್ಟುಮಾಡಿತು. ತಮಗೆ ಬರತಕ್ಕ ಹಣಕ್ಕೆ ಹದಿನಾಲ್ಕು ದಿನ ಹೆಚ್ಚೆಂದು ಎಣಿಸುವ ನಾವು, ಆ ಕಬ್ಬನ್ನು ಕಡಿದು ಹೊರೆಕಟ್ಟಿದವನನ್ನು ತಿಂಗಳುಗಟ್ಟಲೆ ಕಾಯಿಸುವುದು ಯಾವ ನ್ಯಾಯ? ಕಾರ್ಖಾನೆಗೂ ಬೆಳೆಗಾರನಿಗೂ ಇರುವ ವ್ಯವಹಾರದಲ್ಲಿ ಆಳು ಪಾಲುಗಾರನಲ್ಲ. ಲಾಭ ಬಂದಾಗ ಅವನಿಗೆ ಹೆಚ್ಚಿಗೆ ಕೊಡುವುದಿಲ್ಲವಾದ್ದರಿಂದ, ಹಣ ತಡವಾದಾಗ ಅವನು ಕಾಯಬೇಕಾದುದೂ ಇಲ್ಲ.

ಎರಡನೆಯ ಕಾರಣ, ಬಾಕಿ ಇದ್ದರೆ ಆಳು ತಪ್ಪಿಸಿಕೊಂಡು ಹೋಗಲಾರನೆಂಬ ಎಣಿಕೆ. ಇದು ಹಿಂದೆ ಬೇರೆ ದಾರಿ ಇಲ್ಲದಿದ್ದಾಗ ನಡೆದಿರಬಹುದು. ಈಗ ಪೇಟೆಯ ಕಟ್ಟಡದ ಕೆಲಸಕ್ಕೆ ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆ ಹಣದೊಡನೆ ಹಿಂದಿರುಗುವವನನ್ನು ಹಳೆಯ ಬಾಕಿಯು ಹಿಡಿದು ನಿಲ್ಲಿಸುವುದಿಲ್ಲ. "ಆಳು ಮಾಡಿದ್ದು ಹಾಳು" ಎಂದು ಗಾದೆ ಹೇಳಿ ನಿಟ್ಟುಸಿರು ಬಿಡುವವರು, ಆ ಆಳಿಗೆ ಹೋದ ವಾರದ ಕೂಲಿ ಸಂದಿದೆಯೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು. ಮೂರನೆಯ ಕಾರಣ ದಿನಗಳ ಲೆಕ್ಕದ ತಕರಾರು. ಬರೆದಿಡದ ಲೆಕ್ಕವು ತಡವಾದಷ್ಟೂ ಮಸುಕಾಗುವುದು ಸಹಜ.

ಆಳಿಗಾಗುವ ನಷ್ಟ.— ಲೆಕ್ಕದ ಸೌಕರ್ಯಕ್ಕಾಗಿ ದಿನಕ್ಕೆ ೫೦೦ ರೂಪಾಯಿನಂತೆ ಹತ್ತು ದಿನ ದುಡಿದ ಒಬ್ಬ ಆಳನ್ನು ಭಾವಿಸೋಣ. ಅವನಿಗೆ ಬರತಕ್ಕುದು ೫,೦೦೦ ರೂಪಾಯಿ. ಅದು ಎರಡು ತಿಂಗಳು ನಿಂತರೆ, ಮನೆಯ ಖರ್ಚಿಗೆ ಅಷ್ಟೇ ಹಣವನ್ನು ತಿಂಗಳಿಗೆ ನೂರಕ್ಕೆ ಐದರ ಬಡ್ಡಿಯಲ್ಲಿ ಕೈಸಾಲ ತಂದನೆನ್ನೋಣ. ತಿಂಗಳಿಗೆ ೨೫೦ರಂತೆ ಎರಡು ತಿಂಗಳಿಗೆ ೫೦೦ ರೂಪಾಯಿ ಬಡ್ಡಿಯಾಗುವುದು. ಎಂದರೆ ಹತ್ತು ದಿನ ದುಡಿದವನಿಗೆ ಒಂಬತ್ತು ದಿನದ ಕೂಲಿ ಮಾತ್ರ ದಕ್ಕಿದಂತಾಯಿತು. ಕಳೆದುಹೋದ ಆ ಒಂದು ದಿನದ ಕೂಲಿ ಜಮೀನುದಾರನಿಗೂ ಸೇರಲಿಲ್ಲ. ಸಾಲ ಕೊಟ್ಟವನ ಪಾಲಾಯಿತು. ತಡಮಾಡುವುದೆಂದರೆ ಊರಿನಲ್ಲಿ ಅತ್ಯಂತ ಬಡವನಾದವನಿಂದ, ಅವನ ಒಪ್ಪಿಗೆಯಿಲ್ಲದೆ, ಬಡ್ಡಿಯಿಲ್ಲದ ಸಾಲ ಪಡೆಯುವುದೆಂದೇ ಅರ್ಥ.

ಕಾನೂನಿನ ನಿಬಂಧನೆಗಳು.— ಬ್ರಿಟಿಷ್ ಇಂಡಿಯಾದಲ್ಲಿ ೧೯೩೬ರಲ್ಲಿ ಏರ್ಪಟ್ಟ ವೇತನ ಪಾವತಿ ಕಾಯಿದೆಯು ಮೊದಲು ಕಾರ್ಖಾನೆ ಮತ್ತು ರೈಲ್ವೆಗಳ ಕೆಲಸಗಾರರನ್ನು ಮುಖ್ಯವಾಗಿ ಉದ್ದೇಶಿಸಿತ್ತು. ೧೯೪೮ರ ಕನಿಷ್ಠ ವೇತನ ಕಾಯಿದೆಯ ಅನುಸೂಚಿಯ ಎರಡನೆಯ ಭಾಗದಲ್ಲಿ ವ್ಯವಸಾಯದ ಕೆಲಸವು ಸೇರಿತು. ಈ ಎರಡು ಕಾಯಿದೆಗಳನ್ನೂ ಇನ್ನೆರಡನ್ನೂ ಕೂಡಿಸಿ ೨೦೧೯ರಲ್ಲಿ ರಚಿಸಿದ ವೇತನ ಸಂಹಿತೆಯು ೨೦೨೫ನೆಯ ಇಸವಿ ನವೆಂಬರ್ ೨೧ನೆಯ ತಾರೀಖಿನಿಂದ ಜಾರಿಗೆ ಬಂದಿರುತ್ತದೆ. ಸರ್ಕಾರವು ಬೇರೆ ಕಾಲಮಿತಿಯನ್ನು ಗೊತ್ತುಪಡಿಸದ ಹೊರತು, ಇದರ ೧೭ನೆಯ ಪ್ರಕರಣದ ಮೇರೆಗೆ ಕೂಲಿಯು ಈ ಕೆಳಕಂಡ ಕಾಲದೊಳಗಾಗಿ ಸಲ್ಲತಕ್ಕದ್ದು:

(೧) ದಿನಗೂಲಿಯಾದರೆ ಆ ದಿನದ ಕೆಲಸ ಮುಗಿದೊಡನೆ;
(೨) ವಾರದ ಕೂಲಿಯಾದರೆ ವಾರದ ರಜಾ ದಿನಕ್ಕೆ ಮುಂಚಿನ ಕೆಲಸದ ದಿನದಲ್ಲಿ;
(೩) ಹದಿನೈದು ದಿನಕ್ಕೊಮ್ಮೆ ಕೊಡುವುದಾದರೆ ಆ ಅವಧಿ ಮುಗಿದ ಎರಡನೆಯ ದಿನ ಕಳೆಯುವುದರೊಳಗಾಗಿ;
(೪) ತಿಂಗಳ ಸಂಬಳವಾದರೆ ಮುಂದಿನ ತಿಂಗಳ ಏಳನೆಯ ದಿನ ಕಳೆಯುವುದರೊಳಗಾಗಿ;
(೫) ಆಳನ್ನು ಬಿಡಿಸಿದರೆ, ಅಥವಾ ಅವನೇ ಕೆಲಸ ಬಿಟ್ಟರೆ, ಎರಡು ಕೆಲಸದ ದಿನಗಳೊಳಗಾಗಿ.

ಕೆಲಸಗಾರರನ್ನು ಮೇಸ್ತ್ರಿಯ ಮೂಲಕ ತರಿಸಿದವರು "ನಾನು ಮೇಸ್ತ್ರಿಗೆ ಕೊಟ್ಟಾಯಿತು" ಎಂದು ಹೇಳಿ ನಿಶ್ಚಿಂತರಾಗಿರಲಾಗದು. ಕೊಡಬೇಕಾದವನು ಕೊಡದೆ ಹೋದರೆ, ಕೆಲಸ ನಡೆದ ಸ್ಥಳದ ಒಡೆಯನೇ ಹೊಣೆಯೆಂದು ೪೩ನೆಯ ಪ್ರಕರಣ ಹೇಳುತ್ತದೆ.

ದೂರು ಮತ್ತು ರುಜುವಾತು.— ಕೂಲಿ ಬಾರದವನು ತಾನಾಗಿಯಾಗಲಿ, ತನ್ನ ಸಂಘದ ಮೂಲಕವಾಗಲಿ, ಇದಕ್ಕಾಗಿ ನೇಮಿತನಾದ ಅಧಿಕಾರಿಗೆ ಮೂರು ವರ್ಷಗಳೊಳಗಾಗಿ ಅರ್ಜಿ ಕೊಡಬಹುದು. ಆ ಅಧಿಕಾರಿಯು ಬಾಕಿಯನ್ನು ಕೊಡಿಸುವುದಲ್ಲದೆ, ಸಂದರ್ಭವನ್ನು ನೋಡಿ, ಬಾಕಿಯ ಹತ್ತರಷ್ಟರವರೆಗೆ ಪರಿಹಾರವನ್ನೂ ವಿಧಿಸಬಹುದು. ಸಲ್ಲಬೇಕಾದುದಕ್ಕಿಂತ ಕಡಮೆ ಕೊಟ್ಟ ಅಪರಾಧಕ್ಕೆ ೫೦,೦೦೦ ರೂಪಾಯಿಯವರೆಗೆ ಜುಲ್ಮಾನೆಯುಂಟು. ಇಲ್ಲಿ ಜಮೀನುದಾರರು ವಿಶೇಷವಾಗಿ ಗಮನಿಸತಕ್ಕ ಅಂಶವೆಂದರೆ, ಕೂಲಿಯನ್ನು ಕೊಟ್ಟಿರುವುದಾಗಿ ರುಜುಪಡಿಸುವ ಭಾರವು ಕೊಡುವವನ ಮೇಲೆಯೇ ಇರುತ್ತದೆ. ಕೊಟ್ಟಿಲ್ಲವೆಂದು ಆಳು ರುಜುಪಡಿಸಬೇಕಾಗಿಲ್ಲ. ಬೇಸಾಯಕ್ಕೆ ಐದು ಮಂದಿಗೆ ಮೀರದಂತೆ ಆಳುಗಳನ್ನಿಟ್ಟವರು ರಿಜಿಸ್ಟರುಗಳನ್ನಿಡಬೇಕಾಗಿಲ್ಲವಾದರೂ, ಅಧಿಕಾರಿಯು ಕೇಳಿದಾಗ ಕೂಲಿ ಕೊಟ್ಟುದಕ್ಕೆ ತಕ್ಕ ರುಜುವಾತನ್ನು ತೋರಿಸಲೇಬೇಕು.

ಮುಂಗಡದ ವಿಷಯ.— ಬಾಕಿ ನಿಂತ ಕೂಲಿಗಾರನು ಕೊನೆಗೆ ಅದೇ ಒಡೆಯನಲ್ಲಿ ಸಾಲ ಬೇಡುವನು. ತನ್ನದೇ ಹಣವು ಸಾಲವೆಂಬ ಹೆಸರಿನಲ್ಲಿ ಅವನಿಗೆ ಹಿಂದಿರುಗುವುದು. ಆ ಸಾಲಕ್ಕಾಗಿ ಅವನು ದುಡಿಯತೊಡಗುವನು. ನಮ್ಮ ಸೀಮೆಯಲ್ಲಿ ಜೀತವು ಬೇರೂರಿದ ದಾರಿಗಳಲ್ಲಿ ಇದೂ ಒಂದು. ಜೀತಪದ್ಧತಿಯು ೧೯೭೫ನೆಯ ಇಸವಿ ಅಕ್ಟೋಬರ್ ೨೫ರಿಂದ ರದ್ದಾಗಿ, ೧೯೭೬ರ ಕಾಯಿದೆಯ ಮೇರೆಗೆ ಅಂತಹ ಸಾಲಗಳೆಲ್ಲವೂ ತೀರಿದವೆಂದೇ ಪರಿಗಣಿಸಲ್ಪಟ್ಟಿವೆ. ಜೀತ ಮಾಡಿಸಿಕೊಂಡವರಿಗೆ ಮೂರು ವರ್ಷಗಳವರೆಗೆ ಸೆರೆಮನೆವಾಸ ವಿಧಿಸಬಹುದು. ಕನಿಷ್ಠ ವೇತನಕ್ಕಿಂತ ಕಡಮೆ ಕೊಟ್ಟು ದುಡಿಸಿಕೊಳ್ಳುವುದೂ ರಾಜ್ಯಾಂಗದ ೨೩ನೆಯ ವಿಧಿಯು ನಿಷೇಧಿಸಿದ ಬಲಾತ್ಕಾರದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು ೧೯೮೨ರಲ್ಲಿ ತೀರ್ಮಾನಿಸಿತು. ನ್ಯಾಯವಾಗಿ ಕೊಟ್ಟ ಮುಂಗಡವನ್ನು ಹಿಡಿದುಕೊಳ್ಳಲು ಅವಕಾಶವುಂಟು. ಆದರೆ ಒಂದು ಅವಧಿಯ ಎಲ್ಲ ಕಡಿತಗಳೂ ಸೇರಿ ಆ ಅವಧಿಯ ಕೂಲಿಯ ಅರ್ಧಕ್ಕೆ ಮೀರಕೂಡದು.

ಅನುಸರಿಸತಕ್ಕ ಕ್ರಮಗಳು.— ಈ ವಿಷಯದಲ್ಲಿ ಜಮೀನುದಾರರು ಈ ಕೆಳಗಿನ ಸುಲಭವಾದ ಕ್ರಮಗಳನ್ನು ಅನುಸರಿಸಬಹುದು.

೧. ಬೀಜ ಗೊಬ್ಬರಗಳಿಗೆ ಹಣ ತೆಗೆದಿಡುವಾಗಲೇ ನಾಟಿ, ಕಳೆ, ಕುಯ್ಲುಗಳ ಕೂಲಿಯನ್ನೂ ಅಂದಾಜುಮಾಡಿ ಬೇರೆ ತೆಗೆದಿಡುವುದು. ಸೊಸೈಟಿಯ ಬೆಳೆಸಾಲವನ್ನು ಪಡೆಯುವವರು ಅದರಲ್ಲಿ ಕೂಲಿಯ ಭಾಗವನ್ನು ಮರೆಯಬಾರದು.

೨. ಒಂದು ಪುಸ್ತಕದಲ್ಲಿ ತಾರೀಖು, ಆಳಿನ ಹೆಸರು, ಮಾಡಿದ ಕೆಲಸ, ಕೊಟ್ಟ ಮೊಬಲಗು ಇವುಗಳನ್ನು ಅಂದಂದೇ ಬರೆದು, ಆಳಿನ ರುಜು ಇಲ್ಲವೆ ಹೆಬ್ಬೆಟ್ಟಿನ ಗುರುತನ್ನು ಪಡೆಯುವುದು. ಬರೆದುದನ್ನು ಅವನಿಗೆ ಓದಿ ಹೇಳುವುದು.

೩. ಬ್ಯಾಂಕಿನ ಖಾತೆಗೆ ಅಥವಾ ಫೋನಿನ ಮೂಲಕ ಸಲ್ಲಿಸಿದರೆ ಅದೇ ರುಜುವಾತಾಗುವುದು. ಆದರೆ ಆಳಿನ ಸ್ವಂತ ಖಾತೆಗೇ ಹಣ ಹೋಗಬೇಕು.

೪. ಹೆಣ್ಣಾಳಿನ ಕೂಲಿಯನ್ನು ಅವಳ ಕೈಗೇ ಕೊಡುವುದು. ಗಂಡನಿಗಾಗಲಿ ಮೇಸ್ತ್ರಿಗಾಗಲಿ ಕೊಟ್ಟು ಲೆಕ್ಕ ತೀರಿತೆಂದು ಎಣಿಸಬಾರದು.

೫. ದಿನಗಳ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ, ಒಪ್ಪಿದಷ್ಟನ್ನು ಕೂಡಲೆ ಕೊಟ್ಟು, ಒಪ್ಪದ ದಿನಗಳನ್ನು ಮಾತ್ರ ಇತ್ಯರ್ಥಕ್ಕೆ ಬಿಡುವುದು. ಒಂದು ದಿನದ ತಕರಾರಿಗಾಗಿ ಒಂಬತ್ತು ದಿನದ ಕೂಲಿಯನ್ನು ಹಿಡಿಯುವುದು ಸರಿಯಲ್ಲ.

ಗ್ರಾಮಮುಖ್ಯರಿಗೆ ಒಂದು ಮಾತು. ಬಾಕಿಯ ಕೂಲಿಗಾಗಿ ಬಡವನು ಮೊದಲು ಬರುವುದು ನಿಮ್ಮ ಜಗಲಿಗೆ. "ನೋಡೋಣ, ಹೇಳುತ್ತೇನೆ" ಎಂದು ಕಳುಹಿಸಿದರೆ ಅವನಿಗೆ ಆ ದಿನದ ಕೆಲಸವೂ ಹೋಯಿತು. ಆದುದರಿಂದ ಇಬ್ಬರನ್ನೂ ಕರೆಯಿಸಿ, ಲೆಕ್ಕ ನೋಡಿ, ಕೊಡತಕ್ಕ ದಿನವನ್ನು ಗೊತ್ತುಮಾಡಿ ಬರೆಯಿಸುವುದು ಯುಕ್ತ. ಅದರಿಂದ ಫಲವಾಗದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಅರ್ಜಿ ಬರೆಯಲು ಸಹಾಯಮಾಡುವುದೂ ನಿಮ್ಮ ಧರ್ಮವೇ. ಹೆಂಗಸರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ೧೯೮೭ರ ಕಾಯಿದೆಯ ಮೇರೆಗೆ ಉಚಿತವಾಗಿ ಕಾನೂನಿನ ನೆರವು ದೊರೆಯುವುದೆಂಬುದನ್ನು ಅವರಿಗೆ ತಿಳಿಸಬೇಕು.

ಮೇಲೆ ಹೇಳಿದ ಜಮೀನುದಾರರು ಆ ವರ್ಷದ ಕುಯ್ಲಿಗೆ ಮುಂಚೆಯೇ ಹಳೆಯ ಬಾಕಿಯನ್ನು ಮನೆಮನೆಗೆ ಕಳುಹಿಸಿ ತೀರಿಸಿದರು. ಮುಂದಿನ ವರ್ಷ ಅವರ ಗದ್ದೆಯ ನಾಟಿಯು ಇಪ್ಪತ್ತನಾಲ್ಕನೆಯ ದಿನ ಮುಗಿದಿತ್ತು. ಬೀಜವೂ ಗೊಬ್ಬರವೂ ಹಿಂದಿನವೇ. ಬದಲಾದದ್ದು ಕೂಲಿ ಕೊಡುವ ಹೊತ್ತು ಮಾತ್ರ. ಇತರ ಗ್ರಾಮಗಳ ಜಮೀನುದಾರರೂ ಈ ಕ್ರಮವನ್ನು ಈ ಬೆಳೆಯಿಂದಲೇ ಕೈಕೊಳ್ಳುವರೆಂದು ನಂಬಲಾಗಿದೆ.