ಬಾಳೆಪಟ್ಟೆಯ ನಾರು

ಹೂವಿನೊಡನೆ ನಾರೂ ಸ್ವರ್ಗ ಸೇರಿತೆಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹೂ ಕಟ್ಟುವ ನಾರೆಂದರೆ ನಮ್ಮಲ್ಲಿ ಬಾಳೆಯ ನಾರು. ಒಣಗಿದ ಪಟ್ಟೆಯನ್ನು ನೆನೆಸಿ, ಎಳೆ ಎಳೆಯಾಗಿ ಸೀಳಿ ಮಾಲೆ ಕಟ್ಟುವ ಕೈಗಳಿಗೆ ಈ ವಿದ್ಯೆ ಹೊಸದಲ್ಲ. ಆದರೆ ಮಾಲೆಗೆ ಬೇಕಾದುದು ಒಂದು ಹಿಡಿ ನಾರು. ತೋಟದಲ್ಲಿ ಉಳಿಯುವ ಬಾಳೆಯೋ ರಾಶಿ ರಾಶಿ.

ತುಮಕೂರಿನಿಂದ ಗುಬ್ಬಿಯ ಕಡೆಗಾಗಲಿ ಕುಣಿಗಲಿನ ಕಡೆಗಾಗಲಿ ಹೊರಟವರಿಗೆ ತೆಂಗು ಅಡಕೆಗಳ ತೋಟಗಳೂ ಅವುಗಳ ನಡುವೆ ಬಾಳೆಯೂ ಕಾಣಸಿಗುತ್ತವೆ. ಎಳೆಯ ಅಡಕೆಸಸಿಗೆ ಬಾಳೆಯೇ ನೆರಳು. ಒಂದು ಬಾಳೆ ಗೊನೆ ಬಿಡುವುದು ಒಮ್ಮೆ ಮಾತ್ರ. ಗೊನೆ ಕಡಿದ ಮೇಲೆ ಬುಡದ ಕಂದಿಗೆ ಎಡೆ ಬಿಟ್ಟು ತಾಯಿಗಿಡ ನೆಲಕ್ಕೊರಗುತ್ತದೆ. ಹೀಗೆ ಒರಗಿದುದರಿಂದ ಪ್ರಯೋಜನವೇನು?

ನಾವು ಬಾಳೆಯ ಕಾಂಡವೆನ್ನುವುದು ನಿಜವಾದ ಕಾಂಡವಲ್ಲ; ಅದು ನೆಲದೊಳಗಿನ ಗಡ್ಡೆ. ಮೇಲಿನ ಕಂಬವು ಒಂದನ್ನೊಂದು ಸುತ್ತಿಕೊಂಡ ಎಲೆಪಟ್ಟೆಗಳ ಸುರುಳಿ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಹುಸಿಕಾಂಡವೆಂದು ಹೆಸರು. ಪ್ರತಿ ಪಟ್ಟೆಯಲ್ಲಿಯೂ ಸೆಲ್ಯುಲೋಸಿನ ಎಳೆಗಳು ಉದ್ದಕ್ಕೆ ಹರಿದಿರುತ್ತವೆ. ಪೆಕ್ಟಿನ್ ಮೊದಲಾದ ಅಂಟುಗಳು ಅವನ್ನು ತಿರುಳಿಗೆ ಬೆಸೆದಿರುತ್ತವೆ. ಈ ಬೆಸುಗೆಯನ್ನು ಬಿಡಿಸುವುದೇ ನಾರು ತೆಗೆಯುವ ಕೆಲಸದ ಸಾರ. ಫಿಲಿಪೀನ್ಸಿನ ಜನರು ಬಾಳೆಯ ಕುಲಕ್ಕೇ ಸೇರಿದ ಅಬಾಕಾ ಗಿಡದಿಂದ ಹಡಗಿನ ಹಗ್ಗಕ್ಕೆ ಹೆಸರಾದ ಮನಿಲಾ ನಾರನ್ನು ಪಡೆದುದು ಹೀಗೆಯೇ.

ಬಿಡಿಸಲು ಎರಡು ದಾರಿಗಳುಂಟು. ಒಂದು, ನೀರಿನಲ್ಲಿ ಕೊಳೆಹಾಕುವುದು. ಸೂಕ್ಷ್ಮಜೀವಿಗಳು ಅಂಟನ್ನು ಕರಗಿಸುತ್ತವೆ. ಆದರೆ ದಿನಗಳು ಹಿಡಿಯುತ್ತವೆ, ನೀರೂ ಕೆಡುತ್ತದೆ. ಕೆರೆಯ ನೀರನ್ನು ಅಳೆದು ಬಳಸುವ ಸೀಮೆಗೆ ಇದು ಒಗ್ಗದು. ಇನ್ನೊಂದು, ಯಂತ್ರದಿಂದ ಕೆರೆಯುವುದು. ಮೋಟಾರಿನಿಂದ ವೇಗವಾಗಿ ತಿರುಗುವ ಉರುಳೆಯ ಮೈಮೇಲೆ ಲೋಹದ ಅಲಗುಗಳಿರುತ್ತವೆ. ಬಿಡಿಸಿದ ಪಟ್ಟೆಯನ್ನು ಅರ್ಧದವರೆಗೆ ಅದರ ಬಾಯಿಗೆ ಒಡ್ಡಿ ಹಿಂದಕ್ಕೆಳೆದರೆ ತಿರುಳೂ ನೀರೂ ಉದುರಿ ನಾರು ಕೈಯಲ್ಲಿ ಉಳಿಯುತ್ತದೆ. ತಿರುಗಿಸಿ ಹಿಡಿದು ಉಳಿದರ್ಧವನ್ನೂ ಒಡ್ಡಬೇಕು. ಅಲಗುಗಳು ಮೊಂಡಾಗಿಯೇ ಇರಬೇಕು. ಹರಿತವಾದರೆ ತಿರುಳಿನೊಡನೆ ನಾರೂ ತುಂಡಾದೀತು. ಮೊಂಡಲಗೂ ಬೆರಳಿಗೆ ದಯೆ ತೋರದು. ಕೈ ಒಳಹೋಗದಂತೆ ಕಾಪು ಅವಶ್ಯ. ಬಂದ ನಾರನ್ನು ತೊಳೆದು ಒಣಗಿಸಿದರೆ ಹಗ್ಗ, ಚಾಪೆ, ಚೀಲ, ಕಾಗದಗಳಿಗೆ ಒದಗುತ್ತದೆ.

ಇಷ್ಟು ಸುಲಭವಾದರೆ ಪ್ರತಿ ಊರಿನಲ್ಲಿಯೂ ಈ ಉದ್ಯಮ ಏಕಿಲ್ಲವೆಂದು ವಾಚಕರು ಕೇಳಬಹುದು. ಉತ್ತರ ತಕ್ಕಡಿಯಲ್ಲಿದೆ. ಹಸಿಯ ಹುಸಿಕಾಂಡದಲ್ಲಿ ನೂರಕ್ಕೆ 90 ಪಾಲಿಗೂ ಮಿಕ್ಕಿ ನೀರೇ. ಒಣಗಿದ ನಾರು ಸಿಗುವುದು ನೂರಕ್ಕೆ ಸುಮಾರು 1 ಪಾಲು. ಗುಬ್ಬಿಯ ತೋಟದಿಂದ ತುಮಕೂರಿನ ಕಾರ್ಖಾನೆಗೆ 1000 ಕಿಲೋಗ್ರಾಮ್ ಬಾಳೆಯನ್ನು ಸಾಗಿಸಿದನೆನ್ನಿ. ರೈತನು ಬಾಡಿಗೆ ತೆತ್ತು ಕೊಂಡೊಯ್ದುದು ಬಹುಪಾಲು ನೀರು, ಕೈಗೆ ಬಂದುದು ಸುಮಾರು 10 ಕಿಲೋಗ್ರಾಮ್ ನಾರು. ತಡಮಾಡಿದರೆ ಪಟ್ಟೆ ಬಾಡಿ, ಕೊಳೆತು, ಬಣ್ಣವೂ ಕೆಡುತ್ತದೆ.

ಆದುದರಿಂದ ಬಾಳೆ ಯಂತ್ರದ ಬಳಿಗೆ ಹೋಗಬಾರದು. ಯಂತ್ರವೇ ಬಾಳೆಯ ಬಳಿಗೆ ಬರಬೇಕು. ಚಿಕ್ಕ ಯಂತ್ರವೊಂದು ಹಲವು ತೋಟಗಳ ನಡುವೆ ಸರದಿಯಲ್ಲಿ ತಿರುಗಿದರೆ ದೂರಕ್ಕೆ ಸಾಗಬೇಕಾದುದು ಹಗುರವಾದ ಒಣನಾರು ಮಾತ್ರ. ಇನ್ನೊಂದು ಲಾಭವೂ ಉಂಟು. ಒರಗಿದ ಬಾಳೆ ಮಣ್ಣಿಗೆ ತೇವವನ್ನೂ ಪೊಟ್ಯಾಶನ್ನೂ ಹಿಂದಿರುಗಿಸುವ ವಸ್ತು; ಅದನ್ನು ಪೂರ್ತಿಯಾಗಿ ಹೊರಗೆ ಸಾಗಿಸಿದರೆ ತೋಟ ಬಡವಾಗುತ್ತದೆ. ಯಂತ್ರ ತೋಟದಲ್ಲಿಯೇ ನಿಂತರೆ ಉದುರಿದ ತಿರುಳು ಗೊಬ್ಬರವಾಗಿ ಕಂದಿನ ಬುಡವನ್ನೇ ಸೇರುತ್ತದೆ. ತಾಯಿಗಿಡದ ನಾರು ಪೇಟೆಗೆ, ಸಾರ ಮರಿಗೆ: ರೈತನಿಗೆ ಇದಕ್ಕಿಂತ ನ್ಯಾಯವಾದ ಪಾಲು ಇನ್ನಾವುದು?