ಗಣಕಯಂತ್ರಕ್ಕೊಂದು ಜಾರುಮುಚ್ಚಳ

ಹೊಸಪೇಟೆಯಲ್ಲಿ ಸಂಸಾರ ಹೂಡಿದವರಿಗೆ ಕೆಂಪು ಧೂಳಿನ ಪರಿಚಯವನ್ನು ಬೇರೆಯವರು ಮಾಡಿಕೊಡಬೇಕಾದುದಿಲ್ಲ. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರು ಲಾರಿಗಳನ್ನೇರಿ ಹೊರಟಂದಿನಿಂದ ಅದು ನಮ್ಮ ಕಿಟಕಿಯ ಸರಳು, ದೇವರಮನೆಯ ಹೊಸಿಲು, ಒಣಹಾಕಿದ ಪಂಚೆ ಇವುಗಳ ಮೇಲೆ ಹಕ್ಕುದಾರನಂತೆ ಬಂದು ಕುಳಿತಿರುತ್ತದೆ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಆಗಿನ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅದರ ಉಪಟಳ ಕೆಲಕಾಲ ತಗ್ಗಿದುದುಂಟು. ಅನಂತರ ಕಟ್ಟುಪಾಡುಗಳೊಡನೆ ಗಣಿಗಳು ತೆರೆದವು, ಲಾರಿಗಳೂ ಮರಳಿದವು. ಕಂಪ್ಲಿಯ ನೆಂಟರ ಮನೆಯಲ್ಲಿ ಸುಗ್ಗಿಯ ಕಾಲಕ್ಕೆ ಭತ್ತದ ಹೊಟ್ಟು ಇದೇ ಕಾಟವನ್ನು ಕೊಡುತ್ತದೆ. ಹಂಪೆಯ ಕಡೆ ಬೇಸಗೆಯ ಸುಂಟರಗಾಳಿಯ ಮಣ್ಣು.

ಪಾತ್ರೆಪಡಗವನ್ನಾದರೆ ತೊಳೆದು ಇಡಬಹುದು. ಗಣಕಯಂತ್ರವನ್ನು ತೊಳೆಯುವ ಬಗೆಯೆಂತು? ಜನರು ಸಿಪಿಯು ಎಂದೇ ಕರೆಯುವ ಆ ಎತ್ತರದ ಪೆಟ್ಟಿಗೆಯ ಮುಂಭಾಗದಲ್ಲಿ ಪೆನ್‌ಡ್ರೈವಿನ ತೂತುಗಳೂ, ತಟ್ಟೆಯ ಬಾಯಿಯೂ, ಚಾಲೂ ಮಾಡುವ ಗುಂಡಿಯೂ ಇರುವುವಷ್ಟೆ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಎರಡು ತೂತುಗಳು ಒಂದು ಬೇಸಗೆಯಲ್ಲಿಯೇ ಕೆಲಸಕ್ಕೆ ಬಾರದಂತಾದವು. ಇದಲ್ಲದೆ, ಅಂಬೆಗಾಲಿಡುವ ಕೂಸಿಗೆ ಆ ಹೊಳೆಯುವ ಗುಂಡಿಯ ಮೇಲೆ ಅಪಾರ ಪ್ರೀತಿ. ಬರೆಯುತ್ತಿದ್ದ ಕಾಗದ ಅರ್ಧದಲ್ಲಿ ಮಾಯವಾದುದು ಒಂದೆರಡು ಸಲವಲ್ಲ. ಆದುದರಿಂದ ಮುಂಭಾಗಕ್ಕೆ ಒಂದು ಮುಚ್ಚಳವನ್ನು ಮಾಡಿಸುವುದೆಂದು ನಿಶ್ಚಯಿಸಿದೆವು.

ಕೀಲಿನ ಬಾಗಿಲನ್ನು ಮೊದಲೇ ಬಿಟ್ಟೆವು. ಅದು ತೆರೆದಾಗ ಹಾದಿಗೆ ಚಾಚಿಕೊಂಡು ಸೀರೆಯ ಸೆರಗಿಗೆ ಸಿಕ್ಕುತ್ತದೆ. ಜಾರುವ ಮುಚ್ಚಳವೇ ಲೇಸು. ಆದರೆ ಜಾರುವುದೆತ್ತ? ಮೇಲಕ್ಕೆ ಸರಿದರೆ ಪೆಟ್ಟಿಗೆಯ ತಲೆಯ ಮೇಲೆ ಕೊಂಬಿನಂತೆ ನಿಲ್ಲುತ್ತದೆ, ಪಕ್ಕಕ್ಕೆ ಸರಿದರೆ ಗೋಡೆಗೆ ತಾಗುತ್ತದೆ. ಕೆಳಕ್ಕೆ ಸರಿದು ತೆರೆಯುವುದೊಂದೇ ಉಳಿದ ದಾರಿ. ಎಂದಮೇಲೆ ಮುಚ್ಚಿರುವಾಗ ಮುಚ್ಚಳವು ಮೇಲಿರಬೇಕು, ತನ್ನ ಭಾರದಿಂದ ತಾನೇ ಬೀಳಕೂಡದು. ಇದಕ್ಕಾಗಿಯೇ ಸ್ಪ್ರಿಂಗು.

ನಮ್ಮ ಊರಿನವರಿಗೆ ಈ ಪ್ರಶ್ನೆಯ ದೊಡ್ಡ ರೂಪವು ಕಣ್ಣೆದುರಿಗೇ ಇದೆ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳೂ ಮೇಲೆ ಕೆಳಗೆ ಜಾರುವ ಮುಚ್ಚಳಗಳೇ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಗಿ, ಹೊಳೆಯ ಸಾಲಿನ ಊರುಗಳು ನಿದ್ದೆಗೆಟ್ಟುದನ್ನು ಯಾರು ಮರೆತಾರು? ಕನ್ನಯ್ಯ ನಾಯ್ಡು ಅವರ ಮೇಲ್ವಿಚಾರಣೆಯಲ್ಲಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಒಂದು ವಾರದೊಳಗೆ ಇಳಿಸಿದರು. ನಮ್ಮ ಮುಚ್ಚಳವು ಬಿದ್ದರೆ ಊರು ಮುಳುಗುವುದಿಲ್ಲ, ನಿಜ. ಆದರೂ ಭಾರವನ್ನು ಹಿಡಿದಿರುವ ವಸ್ತು ಯಾವುದು, ಅದು ಸೋತರೆ ಏನಾದೀತು ಎಂದು ಮೊದಲೇ ಕೇಳಿಕೊಳ್ಳುವ ಬುದ್ಧಿ ನಮಗೆ ಬಂದುದು ಆ ವಾರದಲ್ಲಿ.

ಅಳತೆಯನ್ನು ಹೇಳುತ್ತೇವೆ. 180 ಮಿಲಿಮೀಟರು ಅಗಲ, 160 ಮಿಲಿಮೀಟರು ಎತ್ತರ, 3 ಮಿಲಿಮೀಟರು ದಪ್ಪದ ಅಕ್ರಿಲಿಕ್ ಹಲಗೆ. ಇದರ ತೂಕ ಸುಮಾರು 100 ಗ್ರಾಂ. ಇದೇ ಅಳತೆಯ 2 ಮಿಲಿಮೀಟರು ದಪ್ಪದ ಅಲ್ಯುಮಿನಿಯಂ ತಗಡಾದರೆ 155 ಗ್ರಾಂ ತೂಗುತ್ತದೆ. ಅಂದಕ್ಕೆ ಅದು ಮೇಲಾದರೂ ಸ್ಪ್ರಿಂಗಿನ ಹೊರೆ ಒಂದೂವರೆ ಪಟ್ಟು ಹೆಚ್ಚುತ್ತದೆ. ಎರಡು ಪಕ್ಕಗಳಲ್ಲಿ ಅಲ್ಯುಮಿನಿಯಂ ಚಾನೆಲ್ಲುಗಳನ್ನು ಕೂರಿಸಿದೆವು.

ಮೊದಲು ಮಾಡಿದ್ದು ಮೇಲಕ್ಕೆಳೆಯುವ ಸಾಮಾನ್ಯ ಸ್ಪ್ರಿಂಗಿನ ಮುಚ್ಚಳ. ಎಳೆದಷ್ಟೂ ಸ್ಪ್ರಿಂಗಿನ ಬಲ ಏರುವುದೆಂಬ ನಿಯಮವನ್ನು ರಾಬರ್ಟ್ ಹುಕ್ ಎಂಬ ಆಂಗ್ಲ ವಿದ್ವಾಂಸನು 1678ರಲ್ಲಿಯೇ ವಿವರಿಸಿದ್ದಾನೆ. ಅದರ ಫಲವನ್ನು ನಾವು ಬೆರಳಿನಿಂದ ಅರಿತೆವು: ತೆರೆದಿರುವಾಗಲೇ ಎಳೆತ ಹೆಚ್ಚು, ಕೈಬಿಟ್ಟರೆ ಮುಚ್ಚಳವು ಟಪ್ಪೆಂದು ಮೇಲಕ್ಕೆ ಹಾರಿ ಪೆನ್‌ಡ್ರೈವಿಗೆ ಬಡಿಯುವುದು. ಹಳೆಯ ಮೂರೂವರೆ ಅಂಗುಲದ ಫ್ಲಾಪಿಯ ಲೋಹದ ಮುಚ್ಚಳಕ್ಕೆ ಇದು ಒಪ್ಪುತ್ತಿತ್ತು, ಏಕೆಂದರೆ ಅದನ್ನು ಯಂತ್ರವೇ ಹಿಡಿದಿಡುತ್ತಿತ್ತು. ಮನೆಯವರು ಒಂದು ಕೈಯಿಂದ ಮುಚ್ಚಳವನ್ನು ಹಿಡಿದುಕೊಂಡೇ ಕೂರಲಾದೀತೆ?

ಉಪಾಯವು ಹೊಳೆದುದು ಹಿಂದೆ ಬಳಕೆಯಲ್ಲಿದ್ದ ಜಾರುವ ಕೈಫೋನಿನಿಂದ. ಅರ್ಧದವರೆಗೆ ತಳ್ಳಿದರೆ ಉಳಿದರ್ಧ ಅದು ತಾನೇ ಸರಿಯುತ್ತಿತ್ತು. ಅದರ ಮರ್ಮವಿಷ್ಟೇ: ಸ್ಪ್ರಿಂಗಿನ ಒಂದು ಕಾಲು ಪೆಟ್ಟಿಗೆಯಲ್ಲಿ, ಇನ್ನೊಂದು ಮುಚ್ಚಳದಲ್ಲಿ; ಎರಡನ್ನೂ ದೂರ ತಳ್ಳುವುದು ಅದರ ಸ್ವಭಾವ. ನಡುಹಾದಿಯಲ್ಲಿ ಎರಡು ಕಾಲುಗಳೂ ಅತಿ ಹತ್ತಿರ ಬಂದು ಸ್ಪ್ರಿಂಗು ಪೂರ್ತಿ ಒತ್ತಲ್ಪಡುತ್ತದೆ. ಆ ಜಾಗವನ್ನು ದಾಟಿದೊಡನೆ ಅದು ದಾಟಿದ ಕಡೆಗೇ ನೂಕುತ್ತದೆ. ಹೀಗೆ ಮುಚ್ಚಳವು ಮೇಲೆ ನಿಲ್ಲುತ್ತದೆ, ಕೆಳಗೂ ನಿಲ್ಲುತ್ತದೆ, ಚಿಲಕ ಬೇಕಿಲ್ಲ.

ಇದರಲ್ಲಿ ಒಂದು ತೊಡಕುಂಟು. ನಡುಹಾದಿಯಲ್ಲಿ ಸ್ಪ್ರಿಂಗಿನ ಒತ್ತಡವೆಲ್ಲ ಪಕ್ಕಕ್ಕೆ ಬೀಳುವುದರಿಂದ ಮುಚ್ಚಳವು ಚಾನೆಲ್ಲಿಗೆ ಒತ್ತಿ ಕಚ್ಚಿಕೊಳ್ಳುತ್ತದೆ. ಎಡಬಲಗಳಲ್ಲಿ ಒಂದೊಂದು ಸ್ಪ್ರಿಂಗನ್ನಿಟ್ಟರೆ ಒಂದರ ಒತ್ತಡವನ್ನು ಇನ್ನೊಂದು ತಡೆಯುತ್ತದೆ. ಎರಡೂ ಸೇರಿ ತುದಿಯಲ್ಲಿ 180 ಗ್ರಾಂ ತೂಕದಷ್ಟು ಮೇಲಕ್ಕೆ ನೂಕಿದರೆ, ಹಲಗೆಯ 100 ಗ್ರಾಂ ಕಳೆದು 80 ಗ್ರಾಂ ಹಿಡಿತವುಳಿಯುವುದು. ಕೆಳಗಿರುವಾಗಲಾದರೋ ಭಾರವೂ ಸ್ಪ್ರಿಂಗೂ ಒಂದಾಗಿ 280 ಗ್ರಾಂ! ಅದಕ್ಕೆಂದೇ ಪೆಟ್ಟಿಗೆಯ ಕಡೆಯ ಮೊಳೆಗಳನ್ನು ನಡುವಿಗಿಂತ ಸ್ವಲ್ಪ ಕೆಳಗೆ ಹೊಡೆಯಬೇಕು. ಆಗ ಕೈಯು ಸ್ವಲ್ಪವೇ ಎತ್ತಿದರೂ ಸ್ಪ್ರಿಂಗು ನೆರವಿಗೆ ಬರುವುದು. ಮುಚ್ಚಳವು ಬಂದು ನಿಲ್ಲುವೆಡೆ ಉಣ್ಣೆಬಟ್ಟೆಯ ತುಂಡನ್ನು ಅಂಟಿಸುವುದು ಅವಶ್ಯ.

ಚಾನೆಲ್ಲಿಗೆ ಎಣ್ಣೆ ಹಾಕಬೇಡಿರಿ. ಅದಿರಿನ ಧೂಳು ಗಟ್ಟಿಯಾದುದು. ಎಣ್ಣೆಯೊಡನೆ ಬೆರೆತರೆ ಸಾಣೆಹಿಡಿಯುವ ಲೇಪವಾಗುತ್ತದೆ. ಮೇಣದ ಬತ್ತಿಯನ್ನು ಉಜ್ಜಿದರೆ ಸಾಕು. ತೂತು ಕೊರೆಯುವ ಕೆಲಸವನ್ನು ಯಂತ್ರದಿಂದ ದೂರವಿರುವ ಜಗುಲಿಯಲ್ಲಿ ಮಾಡುವುದು. ಲೋಹದ ಪುಡಿ ಒಳಗೆ ಬಿದ್ದರೆ ವಿದ್ಯುತ್ತು ಅಡ್ಡದಾರಿ ಹಿಡಿದೀತು.

ಇನ್ನು ನಮ್ಮ ತಪ್ಪನ್ನು ಹೇಳದಿದ್ದರೆ ನ್ಯಾಯವಲ್ಲ. ಧೂಳಿನ ಮೇಲಿನ ಸಿಟ್ಟಿನಲ್ಲಿ ನಾವು ಮುಂಭಾಗದ ಕೆಳಗಿನ ಜಾಲರಿಗೂ ದಪ್ಪ ಬಟ್ಟೆಯನ್ನು ಬಿಗಿದಿದ್ದೆವು. ಯಂತ್ರವು ಉಸಿರೆಳೆದುಕೊಳ್ಳುವುದು ಅಲ್ಲಿಂದಲೇ ಎಂಬುದು ನೆನಪಿಗೆ ಬರಲಿಲ್ಲ. ಮಗಳು ಕಾಲೇಜಿನ ಅರ್ಜಿಯನ್ನು ತುಂಬುತ್ತಿದ್ದಳು. ಕಡೆಯ ದಿನ, ಕಡೆಯ ಗಂಟೆ, ಏಪ್ರಿಲಿನ ಸೆಕೆ. ಒಳಗಿನ ಫ್ಯಾನು ಗೋಳಿಟ್ಟು, ಪರದೆ ಕಪ್ಪಾಯಿತು. ಬಿಸಿಯೇರಿದರೆ ಚಿಪ್ಪು ತನ್ನ ರಕ್ಷಣೆಗಾಗಿ ತಾನೇ ನಿಂತುಬಿಡುವುದು ಅದರ ಗುಣ. ಬಟ್ಟೆಯನ್ನು ಕಿತ್ತೆಸೆದು, ಬೀಸಣಿಗೆಯಿಂದ ಗಾಳಿ ಹಾಕಿ, ಯಂತ್ರವನ್ನು ಎಬ್ಬಿಸಿ ಅರ್ಜಿ ಕಳುಹಿಸಿದಾಗ ಗಂಟೆಗೆ ಇನ್ನು ಒಂಬತ್ತು ನಿಮಿಷವಿತ್ತು. ಅವಳು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವೆನಿಸುತ್ತಿತ್ತು.

ಈಗ ಜಾಲರಿಗೆ ಸೊಳ್ಳೆಪರದೆಯಂಥ ತೆಳುಬಲೆಯನ್ನಷ್ಟೇ ಕಟ್ಟಿದೆ. ಮುಚ್ಚಳವು ಜಾಲರಿಯಿಂದ 20 ಮಿಲಿಮೀಟರು ಮುಂದೆ ನಿಂತಿದೆ. ತೆರೆದು ಕೆಳಗಿಳಿದಾಗಲೂ ಗಾಳಿಯು ಪಕ್ಕಗಳಿಂದ ನುಗ್ಗಲು ಎಡೆಯಿದೆ. ಬಲೆಯನ್ನು ತಿಂಗಳಿಗೊಮ್ಮೆ ಬಿಚ್ಚಿ ನೀರಿನಲ್ಲಿ ಜಾಲಿಸಿ, ಚೆನ್ನಾಗಿ ಒಣಗಿಸಿ ಕಟ್ಟುತ್ತೇವೆ. ಕಂಪ್ಲಿಯ ನೆಂಟರು ಸುಗ್ಗಿಯಲ್ಲಿ ವಾರಕ್ಕೊಮ್ಮೆ. ನೀರು ಪ್ರತಿಸಲವೂ ಕುಂಕುಮದಂತೆ ಕೆಂಪಾಗುತ್ತದೆ. ಕೂಸಿಗೆ ಗುಂಡಿಯ ಮೋಹ ತಪ್ಪಿದೆ. ಈಗ ಮುಚ್ಚಳವನ್ನು ಅರ್ಧ ತಳ್ಳಿ, ಉಳಿದರ್ಧ ಅದು ತಾನೇ ಏರುವುದನ್ನು ನೋಡುವ ಆಟ.